ಎರವಲು ತಂದ ಪ್ರಯೋಗಾಲಯ

ಪ್ರಯೋಗಾಲಯದ ಬಾಗಿಲು ತೆರೆದ ಕಯಲ್‌ವಿಳಿ ಟೀಚರ್ ಹೊಸ್ತಿಲಲ್ಲೇ ನಿಂತುಬಿಟ್ಟಳು. ನಿನ್ನೆಯವರೆಗೆ ಖಾಲಿ ಇದ್ದ ಕಲ್ಲುಬೆಂಚಿನ ಮೇಲೆ ಆರು ಸೂಕ್ಷ್ಮದರ್ಶಕಗಳು ಸಾಲಾಗಿ ನಿಂತಿದ್ದವು. ಹುಡುಗಿಯರು ತಂತಿ, ಬಾಟಲಿ ಮುಚ್ಚಳ, ಹಳೇ ಬಲ್ಬುಗಳಿಂದ ಮಾಡಿಟ್ಟಿದ್ದ ಉಪಕರಣಗಳ ಸುಳಿವೇ ಇರಲಿಲ್ಲ.

ಹೆಡ್‌ಮಾಸ್ಟರ್ ಸುಡಲೈಮುತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಗುತ್ತ ನಿಂತಿದ್ದರು. "ಹೆಂಗಿದೆ ಟೀಚರ್? ಬೆಳಿಗ್ಗೆನೇ ಕಾನ್ವೆಂಟಿನಿಂದ ಆಟೋದಲ್ಲಿ ತರಿಸ್ದೆ. ನಿಮ್ಮ ಗುಜರಿಯೆಲ್ಲ ಕಪಾಟಿಗೆ ತುಂಬಿ ಬೀಗ ಹಾಕಿದೀನಿ."

"ಸಾರ್, ಇವತ್ತು ನೋಡೋಕೆ ಬರ್ತಿರೋ ಟ್ರಸ್ಟಿನವ್ರು ಇಲ್ಲದವ್ರಿಗೆ ದುಡ್ಡು ಕೊಡೋರು. ಇದೆ ಅಂತ ತೋರಿಸಿದ್ರೆ ಯಾರು ಕೊಡ್ತಾರೆ?"

"ಮೂವತ್ತೊಂದು ವರ್ಷ ಇನ್ಸ್‌ಪೆಕ್ಷನ್ ನೋಡಿದೀನಮ್ಮ. ಇಲ್ಲ ಅಂದವನಿಗೆ ಸಿಗೋದು ಬೈಗುಳ, ದುಡ್ಡಲ್ಲ."

ಅವರದೂ ಪೂರ್ತಿ ತಪ್ಪೆನ್ನುವಂತಿಲ್ಲ. ಆ ಸೀಮೆಯ ಶಾಲೆಗಳಲ್ಲಿ ತಪಾಸಣೆಯ ದಿನ ಗ್ಲೋಬು ಒಂದೂರಿಂದ, ನಕ್ಷೆ ಇನ್ನೊಂದೂರಿಂದ ಬಂದು ಸಂಜೆಗೆ ತವರು ಸೇರುವುದು ಮಾಮೂಲು. ಆದರೆ ಕಯಲ್‌ವಿಳಿ ಸಂಜೆಯ ವಿಜ್ಞಾನ ತರಗತಿಗೆಂದು ಎರಡು ವರ್ಷದಲ್ಲಿ ಹದಿನಾಲ್ಕು ಕಡೆ ಅರ್ಜಿ ಹಾಕಿದ್ದಳು. ಹದಿಮೂರು ಕಡೆಯಿಂದ ಉತ್ತರವೇ ಇಲ್ಲ. ಚೆನ್ನೈನ ಈ ಒಂದು ಟ್ರಸ್ಟ್ ಮಾತ್ರ ನೋಡಲು ಬರುತ್ತೇವೆ ಎಂದಿತ್ತು. ಇದೂ ಕೈತಪ್ಪಿದರೆ ಜೂನ್‌ನಿಂದ ತರಗತಿ ಮುಚ್ಚಬೇಕು. ಅಲ್ಲಿಗೆ ಬರುವ ಇಪ್ಪತ್ತೆರಡು ಹುಡುಗಿಯರು ಸಂಜೆ ಅಮ್ಮಂದಿರ ತಟ್ಟೆಯ ಮುಂದೆ ಬೀಡಿ ಕಟ್ಟಲು ಕೂರಬೇಕು.

ಬೀಗದ ಕೈ ಕೇಳುವಷ್ಟರಲ್ಲಿ ಹೊರಗೆ ಕಾರು ನಿಂತಿತು.

ಟ್ರಸ್ಟಿನ ಹೆಪ್ಸಿಬಾ ಮೇಡಂ ಐವತ್ತು ದಾಟಿದವರು, ಮಾತು ಕಡಿಮೆ. ಹೆಡ್‌ಮಾಸ್ಟರ್ ಕೊಟ್ಟ ಗುಲಾಬಿ ಪರಿಮಳದ ಪನ್ನೀರ್ ಸೋಡಾ ಮುಟ್ಟದೆ ನೇರ ಬೆಂಚಿನ ಬಳಿ ಹೋಗಿ ಅರ್ಜಿ ತೆಗೆದರು.

"ಸೂಕ್ಷ್ಮದರ್ಶಕ, ಶೂನ್ಯ. ಹಾಗಂತ ಬರೆದವರು ನೀವೇ ಅಲ್ವಾ ಟೀಚರ್?"

"ಹೌದು ಮೇಡಂ."

"ಇಲ್ಲಿ ಆರಿದೆ. ಸುಳ್ಳು ಅರ್ಜಿ ಅಂತ ನಾನು ಬರೆದ್ರೆ ಈ ಶಾಲೆಗೆ ನಮ್ಮಿಂದ ಮುಂದೆಂದೂ ಏನೂ ಬರಲ್ಲ. ಗೊತ್ತಲ್ಲ?"

ಕಯಲ್‌ವಿಳಿ ಹೆಡ್‌ಮಾಸ್ಟರ್ ಕಡೆ ನೋಡಿದಳು. ನಿಜ ಹೇಳಿದರೆ ಏಪ್ರಿಲ್‌ನಲ್ಲಿ ನಿವೃತ್ತರಾಗುವ ಮನುಷ್ಯನ ಮಾನ ಎಲ್ಲರೆದುರು ಹೋಗುತ್ತದೆ. ಹೇಳದಿದ್ದರೆ ತರಗತಿ ಮುಚ್ಚುತ್ತದೆ. ಅವರ ಮೇಲೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು.

ಮೇಡಂ ಅವಳ ಉತ್ತರಕ್ಕೆ ಕಾಯದೆ, ಬಾಗಿಲಲ್ಲಿ ಗುಂಪಾಗಿ ನಿಂತಿದ್ದ ಹುಡುಗಿಯರಲ್ಲಿ ಒಂಬತ್ತನೇ ತರಗತಿಯ ಇಸಕ್ಕಿಯನ್ನು ಕರೆದರು. "ಬಾಮ್ಮ, ಇದರಲ್ಲಿ ಈರುಳ್ಳಿ ಸಿಪ್ಪೆ ತೋರ್ಸು."

ಇಸಕ್ಕಿ ಅಂಥದನ್ನು ಮುಟ್ಟಿಯೇ ಇರಲಿಲ್ಲ. ಎಲ್ಲಿ ಹಿಡಿಯಬೇಕೆಂದು ತಿಳಿಯದೆ ತಡಕಾಡಿ, ಕೊನೆಗೆ ಬಗ್ಗಿ ಕೆಳಗಿನ ಕನ್ನಡಿಗೆ ಕಣ್ಣಿಟ್ಟಳು. ಹಿಂದೆ ಯಾರೋ ಕಿಸಕ್ಕೆಂದರು. ಹುಡುಗಿಯ ಕಣ್ಣು ತುಂಬಿತು.

"ಸಾಕು ಮೇಡಂ," ಎಂದರು ಸುಡಲೈಮುತ್ತು. ದನಿ ಬಿದ್ದುಹೋಗಿತ್ತು. "ಅರ್ಜಿ ಸುಳ್ಳಲ್ಲ. ಕೋಣೆ ಸುಳ್ಳು. ಇವೆಲ್ಲ ಎರವಲು, ತಂದವನು ನಾನು. ಏನು ಬರೆಯೋದಿದ್ರೂ ನನ್ನ ಹೆಸರಿಗೆ ಬರೀರಿ. ಈ ಮಗು ತಲೆ ತಗ್ಗಿಸೋದು ಬೇಡ."

ಕಪಾಟಿನ ಬೀಗ ತೆಗೆದರು. ಇಸಕ್ಕಿ ಮೂಗೊರೆಸಿಕೊಂಡು ಗುಜರಿಯೊಳಗಿಂದ ತನ್ನ ತಂತಿಯ ಉಂಗುರ ಹುಡುಕಿದಳು. ಅದರಲ್ಲೊಂದು ನೀರಿನ ಹನಿಯನ್ನು ಮಸೂರದಂತೆ ನಿಲ್ಲಿಸಿ, ಕೆಳಗೆ ಸತ್ತ ಇರುವೆಯನ್ನಿಟ್ಟಳು. "ಬೇಗ ನೋಡಿ ಮೇಡಂ. ಹನಿ ಬಿದ್ದೋಗುತ್ತೆ."

ಮೇಡಂ ಕನ್ನಡಕ ಹಣೆಗೇರಿಸಿ ಬಗ್ಗಿದರು. ಹನಿ ಬೀಳುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಅರ್ಜಿಯ ಶೂನ್ಯದ ಪಕ್ಕ ಸರಿ ಗುರುತು ಹಾಕಿ, "ನಾನು ಶಿಫಾರಸು ಮಾಡ್ತೀನಿ," ಎಂದಷ್ಟೇ ಹೇಳಿದರು.

ಸಂಜೆ ಆಟೋ ಬಂತು. ಕೊನೆಯದನ್ನು ಏರಿಸುವಾಗ ಸುಡಲೈಮುತ್ತು ತಡೆದರು. "ಐದು ನಿಮಿಷ ನಿಲ್ಲಪ್ಪ." ಸೂಕ್ಷ್ಮದರ್ಶಕವನ್ನು ಮತ್ತೆ ಬೆಂಚಿನ ಮೇಲಿಟ್ಟು, "ಬಾ ತಾಯಿ, ಕಣ್ಣು ಮೇಲಿಡಬೇಕು," ಎಂದು ಇಸಕ್ಕಿಯನ್ನು ಕರೆದರು. ಮೂವತ್ತೊಂದು ವರ್ಷ ಎರವಲು ತಂದಿದ್ದರು. ಒಡೆದೀತೆಂದು ಒಂದು ಮಗುವಿಗೂ ನೋಡಲು ಬಿಟ್ಟಿರಲಿಲ್ಲ.