ಹೋಗ್ಲಿ ಅಂದ್ರ ಯಾರು?

ಮುಂಬೈ ವಿಮಾನ ನಿಲ್ದಾಣದಲ್ಲಿ ಖಾಲಿ ವಿಮಾನವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಸಂತು ಎಳೆಯುತ್ತಿದ್ದ. ಮೇಲೆ ಪೈಲಟ್ ಸೀಟಿನಲ್ಲಿ ಬ್ರೇಕ್ ಕಾಯುತ್ತ ಕೂತವನು ಅವನ ಸೋದರಮಾವ ದಾನಪ್ಪ. ಯಾವ ವಿಮಾನ ಯಾವಾಗ ಹೋಗಬೇಕೆಂದು ಹೇಳುವ ಕಂಟ್ರೋಲ್ ಟವರಿನವರ ಮಾತು ದಾನಪ್ಪನಿಗಷ್ಟೇ ಕೇಳುತ್ತಿತ್ತು. ಅದನ್ನು ಅವನು ಹೆಡ್‌ಫೋನಿನಲ್ಲಿ ಸಂತೂಗೆ ದಾಟಿಸಬೇಕು.

ದಾರಿ ಕೂಡುವಲ್ಲಿ ಸಂತು ಕೇಳಿದ: "ಮಾಮಾ, ಹೋಗ್ಲಿ?"

"ಹೋಗ್ಲಿ, ಹೋಗ್ಲಿ."

ಸಂತು ಮುಂದೆ ಹೊಡೆದ. ಎಡಗಡೆಯಿಂದ ಬರುತ್ತಿದ್ದ, ಜನ ತುಂಬಿದ ವಿಮಾನ ಗಕ್ಕನೆ ಬ್ರೇಕ್ ಹಾಕಿ ನಿಂತಿತು. ಅದರ ಪೈಲಟ್ ಟವರಿನವರ ಮೇಲೆ ಹರಿಹಾಯ್ದ, ಟವರಿನವರು ದಾನಪ್ಪನ ಮೇಲೆ. ಆ ವಿಮಾನ ಮೊದಲು ಹೋಗಲಿ ಅಂತ ದಾನಪ್ಪ ಅಂದಿದ್ದ. ನಾ ಹೋಗಲಾ ಅಂತ ಕೇಳಿದ್ದ ಸಂತು, ನೀ ಹೋಗು ಅಂದ ಅಂತ ತಿಳಿದಿದ್ದ. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ.

ಮರುದಿನ ಇದರ ವಿಚಾರಣೆ, ಚೌಕಶಿ. ವಿಲೆ ಪಾರ್ಲೆ ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತ ದಾನಪ್ಪ ದನಿ ತಗ್ಗಿಸಿದ. "ಹೆಡ್‌ಫೋನ್ ಕೆಟ್ಟಿತ್ತು ಅನ್ನೂಣು. ಅದರಾಗಿನ ಮಾತು ಎಲ್ಲೂ ರೆಕಾರ್ಡ್ ಆಗಂಗಿಲ್ಲ. ಇಬ್ಬರ ಡ್ಯೂಟಿ ಪಾಸೂ ಉಳೀತಾವ."

"ಹೆಡ್‌ಫೋನ್ ಬದಲಿ ಮಾಡ್ತಾರ. ನಮ್ಮ ಬಾಯಿ ಹಂಗ ಇರ್ತದಲ್ಲ?"

"ಹೋಗ್ಲಿ ಬಿಡೋ."

ಸಂತೂನ ಸಿಟ್ಟು ನೆತ್ತಿಗೇರಿತು. "ನೋಡು, ಮತ್ತ ಅದ ಮಾತು! ಮಂದಿ ಸಾಯ್ತಿದ್ರು ಮಾಮಾ, ಇದೊಂದು ಮಾತಿಗೆ!"

"ಪಾಸ್ ಹೋದ ಮ್ಯಾಲ ನಿಮ್ಮವ್ವಗ ಏನ್ ಹೇಳ್ತಿ?"

"ಎಂಟನೇ ಇಯತ್ತೆಗೆ ಸಾಲಿ ಬಿಟ್ಟಾಗ ಏನ್ ಹೇಳಿದ್ನೋ ಅದನ್ನ."

ಚೌಕಶಿ ನಡೆಸಿದ ಅಧಿಕಾರಿ ರಂಜನಾ ಮೇಡಂ ಹೆಡ್‌ಫೋನಿನ ಬಗ್ಗೆಯೇ ಮೊದಲು ಕೇಳಿದರು. ಸಂತು ಎದ್ದು ನಿಂತ. "ಹೆಡ್‌ಫೋನ್ ಠೀಕ್ ಥಾ ಮೇಡಂ. ‘ಮೈ ಜಾವೂಂ’ ಭೀ ಹೋಗ್ಲಿ, ‘ಉಸ್ಕೋ ಜಾನೇ ದೋ’ ಭೀ ಹೋಗ್ಲಿ. ಹಮ್ ದೋನೋಂ ಕೀ ಗಲ್ತೀ." ಹೆಡ್‌ಫೋನ್ ಸರಿಯಿತ್ತು, ನಾ ಹೋಗಲಾ ಅನ್ನಲಿಕ್ಕೂ ಅವನು ಹೋಗಲಿ ಅನ್ನಲಿಕ್ಕೂ ತಮ್ಮಲ್ಲಿ ಒಂದೇ ಮಾತು, ತಪ್ಪು ಇಬ್ಬರದೂ ಅಂದ.

ಮೇಡಂ ಪೆನ್ನು ಕೆಳಗಿಟ್ಟರು. ಇಬ್ಬರ ಪಾಸನ್ನೂ ಕಿತ್ತುಕೊಂಡರು. ಮರಳಿ ಬೇಕಾದರೆ ಪರೀಕ್ಷೆ: ಗೊತ್ತುಮಾಡಿದ ಇಂಗ್ಲಿಷ್ ಮಾತೇ ಆಡಬೇಕು, ಕೇಳಿದ್ದನ್ನು ಪೂರ್ತಿ ತಿರುಗಿ ಹೇಳಬೇಕು.

ದಾನಪ್ಪ ಸಂತೂನ ಜೊತೆ ಮಾತು ಬಿಟ್ಟ. ಸಂತು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತ. ಭಾಂಡುಪಿನ ಲೋಕಲ್ ರೈಲಿನಲ್ಲಿ ಜೋತಾಡುತ್ತ "ಹೋಲ್ಡ್ ಪೊಸಿಷನ್, ಹೋಲ್ಡಿಂಗ್ ಪೊಸಿಷನ್" ಅಂತ, ನಿಲ್ಲು ಅನ್ನುವ ಅಪ್ಪಣೆಯನ್ನೂ ನಿಂತಿದ್ದೇನೆ ಅನ್ನುವ ಉತ್ತರವನ್ನೂ ತಾನೇ ಒದರಿದ. ಹುಚ್ಚನೆಂದು ಜನ ಜಾಗ ಬಿಟ್ಟರು, ಅದೊಂದು ಲಾಭವಾಯಿತು. ಆದರೆ ತಿರುಗಿ ಹೇಳುವುದನ್ನು ಒಬ್ಬನೇ ಎಷ್ಟಂತ ಕಲಿಯುವುದು? ಎದುರಿಗೊಬ್ಬ ಬೇಕು. ಒಂದು ರವಿವಾರ ಚಾಳಿನಲ್ಲಿದ್ದ ಮಾವನ ಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತ.

"ಮಾಮಾ, ಪರೀಕ್ಷಾಕ್ಕ ಕೂಡಿ ಕಲಿಯೂಣು. ಒಳಗ ಬರ್ಲಿ?"

ದಾನಪ್ಪ ಗೋಡೆ ಕಡೆ ಮುಖ ಮಾಡಿದ. ಅಡಿಗೆಮನೆಯಿಂದ ಅತ್ತೆ ಮಲ್ಲಕ್ಕ ಕೂಗಿದಳು: "ಬರ್ಲಿ ಅನ್ರಲ್ಲ!"

"ಯಾರು ಬರ್ಲಿ?" ಅಂದ ದಾನಪ್ಪ. ಮೀಸೆ ಅಲುಗಿತು. "ನಿಂದ್ರಲೇ. ಹೆಸರು ಹೇಳಿ ಪೂರಾ ಕೇಳು."

"ಸಂತು ಒಳಗ ಬರಾಕ ಪರ್ಮಿಷನ್ ಕೇಳಾಕತ್ತಾನ."

"ಸಂತು, ಒಳಗ ಬಾ."

"ಸಂತು ಒಳಗ ಬರಾಕತ್ತಾನ," ಅಂತ ತಿರುಗಿ ಹೇಳಿ, ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿದ.