ಊರಮ್ಮನ ಕ್ಷೀರವ್ರತ

ಹಾಲಿನ ಅಂಗಡಿಯ ಕೊಟ್ರಯ್ಯ ದಿನವೂ ಗಾಳೆಮ್ಮನನ್ನು ಕಂಡ ಕೂಡಲೇ ಅರ್ಧ ಲೀಟರಿನ ಪ್ಯಾಕೆಟ್ ಎತ್ತಿ ಕೊಡುತ್ತಿದ್ದ. ಅಂದು ಅವಳ ಹಿಂದೆ ನಿಂತವರಿಗೆಲ್ಲ ಕೊಟ್ಟು ಮುಗಿಸಿ, ಕೊನೆಗೆ ತಲೆ ಕೆರೆದುಕೊಂಡ. ಬಳಗದವರ ಫೋನ್ ಬಂದಿದೆ, ಇನ್ನು ಒಂದು ತಿಂಗಳು ಅವರ ಕಡೆಯ ಹಾಲು ಯಾರಿಗೂ ಇಲ್ಲ ಎಂದ. ಯಾಕೆಂದು ಕೇಳಿದರೆ, "ನನಗೇನ್ ಗೊತ್ತಬೇ, ದೊಡ್ಡೋರನ್ನ ಕೇಳು," ಎಂದು ಖಾಲಿ ಕ್ರೇಟು ಎಳೆದುಕೊಂಡ.

ಬಳಗವೆಂದರೆ ಹೊಸಪೇಟೆಯ ಆ ಬಡಾವಣೆಯ ವೈಷ್ಣವ ಮನೆಗಳವರು ಸೇರಿ ಕಟ್ಟಿಕೊಂಡ ಶ್ರೀಹರಿ ಸೇವಾ ಬಳಗ. ಕಾಲುವೆಯಾಚೆಯ ಓಣಿಯ ಬಡ ಸಂಸಾರಗಳಿಗೆ ಅಕ್ಕಿ, ಬೇಳೆ, ಹಸುಗೂಸುಗಳಿಗೆ ಹಾಲು ಕೊಡುತ್ತಿದ್ದರು. ಒಳ್ಳೆಯ ಕೆಲಸ; ಕೊಡುವಾಗ ಫೋಟೋ ಕೂಡ ತೆಗೆಸಿಕೊಳ್ಳುತ್ತಿರಲಿಲ್ಲ. ಗಾಳೆಮ್ಮನ ಮಗಳು ಹೇಮಾ ಬಾಣಂತಿತನದಲ್ಲೇ ತೀರಿಕೊಂಡಿದ್ದಳು. ಅಳಿಯ ಕನಕರಾಜ್ ವಡ್ಡು ಎಂಬ ಊರಿನ ಕಡೆ ಫ್ಯಾಕ್ಟರಿ ಕೆಲಸಕ್ಕೆಂದು ಹೋದವನು ಫೋನ್ ನಂಬರನ್ನೇ ಬದಲಿಸಿಬಿಟ್ಟಿದ್ದ. ಎಂಟು ತಿಂಗಳ ಮೊಮ್ಮಗಳು ಊರಮ್ಮ ಇಲ್ಲಿಯವರೆಗೆ ಉಳಿದದ್ದು ಬಳಗದ ಹಾಲಿನಿಂದಲೇ.

ಬಳಗದ ಅಧ್ಯಕ್ಷ ಪುರಂದರ ರಾಯರು, ನಿವೃತ್ತ ಇಂಜಿನಿಯರು, ಗಾಳೆಮ್ಮ ಹೋದಾಗ ವರಾಂಡದಲ್ಲಿ ಬಾದಾಮಿ ಅರೆದು ಮಾಡಿದ ಕಾಫಿ ಕುಡಿಯುತ್ತಿದ್ದರು. ಅದು ಕಾಫಿಯೇ ಎಂದು ನಂಬಲು ಅವರಿಗೆ ಇನ್ನೂ ಕೆಲವು ದಿನ ಬೇಕಿತ್ತು. ಚಾತುರ್ಮಾಸ್ಯ ಮೂರನೆಯ ತಿಂಗಳಿಗೆ ಕಾಲಿಟ್ಟಿತ್ತು: ಮೊದಲು ತರಕಾರಿ ಬಿಟ್ಟದ್ದಾಯಿತು, ಆಮೇಲೆ ಮೊಸರು, ಈಗ ಹಾಲು. ನಾವು ಕ್ಷೀರವ್ರತ ಹಿಡಿದಿರುವಾಗ ನಮ್ಮ ಹೆಸರಿನಲ್ಲಿ ಹಾಲು ಹೋಗುವುದು ಸರಿಯೇ ಎಂದು ಹಿರಿಯ ದಾನಿಯೊಬ್ಬರು ಸಭೆಯಲ್ಲಿ ಕೇಳಿದ್ದರು. ಸರಿಯಲ್ಲವೇನೋ ಎಂದು ಮತ್ತೊಬ್ಬರಿಗೆ ಅನ್ನಿಸಿತು. ಸಭೆಗಳಲ್ಲಿ ಇಂಥ ಅನಿಸಿಕೆಗಳು ಆಕಳಿಕೆಯ ಹಾಗೆ, ಒಬ್ಬರಿಂದ ಒಬ್ಬರಿಗೆ ಬೇಗ ಹತ್ತುತ್ತವೆ.

ಹಾಲಿನ ಬದಲು ಹೆಸರುಬೇಳೆ ಹೆಚ್ಚಿಗೆ ಕೊಡುತ್ತೇವೆ, ಬೆಲ್ಲವೂ ಇದೆ ಎಂದರು ರಾಯರು.

"ಬ್ಯಾಳಿ ತಿನ್ನಾಕ ಹಲ್ಲು ಬೇಕಲ್ರಿ ಸ್ವಾಮ್ಯಾರ."

"ನಾವೇ ಬಿಟ್ಟಿದ್ದನ್ನ ನಮ್ಮ ಕೈಲೆ ಹೆಂಗ ಹಂಚೋದು, ಹೇಳು. ನಂದೊಬ್ಬಂದೇ ಮಾತಾಗಿದ್ರ ಬ್ಯಾರೆ. ಹತ್ತು ಮಂದಿ ಮನಸ್ಸು ಮುರಿದ್ರ ನಿಮ್ಮ ಓಣಿಗೆ ಅಕ್ಕಿನೂ ನಿಂತು ಹೋಗ್ತದ. ಒಂದು ತಿಂಗಳು ತಡಕೋ, ಗಾಳೆಮ್ಮ."

"ನಿಮ್ಮ ವ್ರತ ನೀವು ಹಿಡೀರಿ. ಬ್ಯಾಡ ಅನ್ನಾಕ ನಾನ್ಯಾರು? ನನ್ನ ಕೂಸು ಯಾಕ ಹಿಡೀಬೇಕ್ರಿ?"

ರಾಯರ ಬಳಿ ಬೆಲ್ಲ ಇತ್ತು. ಎರಡು ಅಚ್ಚು ಹೆಚ್ಚಿಗೆ ಕೊಡಿಸಿದರು.

ಗಾಳೆಮ್ಮ ಹಂಪಿಯ ಗೆಸ್ಟ್ ಹೌಸೊಂದರಲ್ಲಿ ಹಾಸಿಗೆಬಟ್ಟೆ ಒಗೆಯುತ್ತಿದ್ದಳು. ಪ್ರವಾಸಿಗರ ಸೀಸನ್ ಇನ್ನೂ ಶುರುವಾಗಿರಲಿಲ್ಲ. ಕರೆದ ದಿನ ಕೂಲಿ, ಕರೆಯದ ದಿನ ಇಲ್ಲ. ಕೂಲಿ ಸಿಕ್ಕ ದಿನ ಹಾಲು ತಂದು, ಅದು ನೀಲಿಗಟ್ಟುವಷ್ಟು ನೀರು ಬೆರೆಸುತ್ತಿದ್ದಳು. ಉಳಿದ ದಿನ ಅಕ್ಕಿಗಂಜಿಯ ತಿಳಿ, ಬೆಲ್ಲದ ನೀರು. ಕೂಸಿಗೆ ಭೇದಿ ಹತ್ತಿತು. ಮೊದಮೊದಲು ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದದ್ದು ಆಮೇಲೆ ಬರೀ ನರಳತೊಡಗಿತು, ಆಮೇಲೆ ಅದೂ ನಿಂತಿತು. ಸದ್ಯ ಮಲಗಿತಲ್ಲ ಎಂದರು ಪಕ್ಕದ ಮನೆಯವರು. ಗಾಳೆಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದಳು.

ಅಲ್ಲಿ ಡ್ರಿಪ್ ಹಾಕಿ ಉಳಿಸಿದರು. ಇಷ್ಟು ಸಣ್ಣ ಕೂಸಿಗೆ ಹಾಲು ಯಾಕೆ ಬಿಡಿಸಿದೆ ಎಂದು ಡಾಕ್ಟರು ಕೇಳಿದರು.

"ಕೂಸು ಕ್ಷೀರವ್ರತ ಹಿಡದೈತ್ರಿ," ಎಂದಳು ಗಾಳೆಮ್ಮ.

ತಮಾಷೆ ಮಾಡುತ್ತಿದ್ದಾಳೆಂದು ಡಾಕ್ಟರು ಬೈದರು. ಮನೆಗೆ ಕಳಿಸುವಾಗ, ಹಾಲು ತಪ್ಪಿಸಬೇಡ, ಕುಡಿಯದಿದ್ದರೆ ಕೂಡಲೇ ತಿರುಗಿ ಕರೆದುಕೊಂಡು ಬಾ ಎಂದು ಮತ್ತೆ ಮತ್ತೆ ಹೇಳಿದರು.

ಅವಳು ಮನೆಗೆ ಹೋಗಲಿಲ್ಲ. ರಾಯರ ಹಿತ್ತಲಿಗೆ ಬಂದಳು. ರಾಯರ ಹೆಂಡತಿ ನೀರಜಾ ಮಡಿಯುಟ್ಟು ಅಡುಗೆ ಮುಗಿಸಿ, ಕಾಯಿಸಿದ ಹಾಲು ಆರಲೆಂದು ಕಾಯುತ್ತಿದ್ದರು. ಈ ತಿಂಗಳು ಹಾಲು ಕೂಡದು, ಮೊಸರು ಆಗುತ್ತದೆ. ಹಾಗಾಗಿ ಮೊಸರಾಗುವ ಕರಾರಿನ ಮೇಲೆ ಆ ಮನೆಗೆ ಹಾಲು ದಿನವೂ ಬರುತ್ತಿತ್ತು.

"ದೂರ ನಿಲ್ಲವ್ವ, ಮಡಿಯೊಳಗಿದೀನಿ," ಎಂದರು ನೀರಜಾ.

ಗಾಳೆಮ್ಮ ದೂರವೇ ನಿಂತಳು. ಕೂಸನ್ನು ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿದಳು. "ಹಾಲು ಕುಡಿಸಿದ್ರ ಉಳೀತೈತಂತ್ರಿ ಅವ್ವಾರ. ನನ್ನ ಕೈಲೆ ಆಗಂಗಿಲ್ಲ. ನೀವೇ ಇಟ್ಕೊಳ್ರಿ. ಬದುಕಿದ್ರ ನಿಮ್ಮನ್ಯಾಗ ಕಸ ಹೊಡಕೊಂಡು ಇರ್ಲಿ." ಇಷ್ಟು ಹೇಳಿ, ಹಿಂದೆ ನೋಡದೆ ಗೇಟಿನ ಕಡೆ ಹೊರಟಳು.

"ಏ ಗಾಳೆಮ್ಮ, ಎಲ್ಲಿಗೆ ಹೊಂಟಿ? ಬಾ ಇಲ್ಲಿ, ಕುಂದ್ರು."

ಅವಳು ತಿರುಗಿ ನೋಡುವಷ್ಟರಲ್ಲಿ ನೀರಜಾ ಮೆಟ್ಟಿಲಿಳಿದು ಕೂಸನ್ನು ಎತ್ತಿಕೊಂಡಾಗಿತ್ತು. ತಮ್ಮ ಮಕ್ಕಳಿಗೆ ಕುಡಿಸುತ್ತಿದ್ದ ಬೆಳ್ಳಿಯ ಒಳಲೆ, ಒಂದು ಬಟ್ಟಲು ಹಾಲು ತಂದು, ಊರಮ್ಮನನ್ನು ಮಡಿಸೀರೆಯ ಮೇಲೆಯೇ ಮಲಗಿಸಿಕೊಂಡು ಕೂತರು. ಮೊದಲು ಹಾಕಿದ ಹಾಲು ತುಟಿಯಂಚಿನಿಂದ ಇಳಿದುಹೋಯಿತು. ಎರಡನೆಯದೂ ಇಳಿಯಿತು.

ನೈವೇದ್ಯಕ್ಕೆ ಹೊತ್ತಾಯಿತೆಂದು ಕರೆಯಲು ಬಂದ ರಾಯರು ಬಾಗಿಲಲ್ಲೇ ನಿಂತರು. ಹೆಂಡತಿಯ ಮಡಿಲಲ್ಲಿದ್ದ ಕೂಸನ್ನು ನೋಡಿದರು.

"ಹಿಂಗಾಗೇದಂತ ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ನಲ್ರಿ," ಎಂದಳು ಗಾಳೆಮ್ಮ.

ಮುಂದಿನ ಸಲ ಕೂಸಿನ ಗಂಟಲು ಒಮ್ಮೆ ಅಲುಗಿತು. ಸ್ವಲ್ಪ ತಡೆದು ಮತ್ತೊಮ್ಮೆ. ಬಟ್ಟಲು ಬರಿದಾಯಿತು. ಮಡಿಲಲ್ಲಿ ಕೂಸಿದ್ದ ನೀರಜಾ ಏಳಲಾರದೆ ಗಂಡನ ಮುಖ ನೋಡಿದರು. ರಾಯರು ಒಳಗೆ ಹೋಗಿ ಹಾಲಿನ ಪಾತ್ರೆಯನ್ನೇ ಎರಡೂ ಕೈಯಲ್ಲಿ ಹಿಡಿದು ತಂದು ಮೆಟ್ಟಿಲ ಮೇಲಿಟ್ಟರು. ನಿಧಾನ ಹಾಕು ಎಂದು, ಯಾರೂ ಕೇಳದಿದ್ದರೂ, ಹೇಳಿದರು.

"ನಿಮ್ಮ ಓಣ್ಯಾಗ ಹಾಲು ಕುಡಿಯೋ ಕೂಸು ಇನ್ನೆಷ್ಟವ?" ಎಂದು ಕೇಳಿದರು ಆಮೇಲೆ.

ಗಾಳೆಮ್ಮ ಕೂಸಿನ ಗಂಟಲನ್ನೇ ನೋಡುತ್ತಿದ್ದಳು.

ರಾಯರು ಉಟ್ಟ ಮಡಿಪಂಚೆಯಲ್ಲೇ ಚಪ್ಪಲಿ ಮೆಟ್ಟಿಕೊಂಡು, ಬಿಸಿಲಿನಲ್ಲಿ ಕಾಲುವೆಯಾಚೆಯ ಓಣಿಯ ಕಡೆ ನಡೆದರು. ಒಳಗೆ ದೇವರ ಮುಂದೆ ಅನ್ನ ಆರುತ್ತಿತ್ತು.