ಹನ್ನೊಂದನೆಯ ಕಲ್ಲು

ಕಾಡುಪಾರ್ಕಿನ ಚರಿತ್ರೆ ಬರೆದುಕೊಡಿ ಎಂದು ಕೇಳಲು ಆ ಹೆಣ್ಣುಮಗಳು ನಮ್ಮ ಮನೆಗೆ ಬಂದಾಗ ಬಿಸಿಲು ನೇರ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಕೂರುವ ಮೊದಲೇ ಅವಳು ಹೋಗಿ ಕಿಟಕಿಯ ಪರದೆ ಎಳೆದಳು. ನಾನು ಹೇಳಿರಲಿಲ್ಲ. ಇಂಥವನ್ನು ನಾನು ಮರೆಯುವುದಿಲ್ಲ. ಇಂಥವಲ್ಲದ್ದನ್ನೂ ಮರೆಯುವುದಿಲ್ಲ.

ಅವಳು ಪುರಸಭೆಯ ರಸ್ತೆ ವಿಭಾಗದಲ್ಲಿ ಇಂಜಿನಿಯರು, ಪಾರ್ಕಿನ ಸಮಿತಿಗೆ ಕಾರ್ಯದರ್ಶಿ. ನಾನು ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳಿ ನಿವೃತ್ತಳಾದವಳು ಎಂದು ಯಾರೋ ಅವಳಿಗೆ ಹೇಳಿದ್ದರು. ಮಿಕ್ಕಿದ್ದನ್ನು ಯಾರೂ ಹೇಳಿರಲಿಲ್ಲ.

"ಗುಡ್ಡದ ಸುತ್ತುದಾರಿಗೆ ಅರವತ್ತು ವರ್ಷ ತುಂಬುತ್ತೆ ಮೇಡಂ. ಅದರ ಮೇಲೆ ಒಂದು ಪುಟ್ಟ ಪುಸ್ತಕ ಮಾಡೋಣ ಅಂತ. ಗೇಟಿನ ಹತ್ರ ಒಂದು ಫಲಕಾನೂ ಹಾಕಿಸ್ತಾ ಇದೀವಿ."

"ಫಲಕದಲ್ಲಿ ಏನಿರುತ್ತೆ?"

"ದಾರಿ ಅಳೆದು ಮಾಡಿಸಿದವರ ಹೆಸರು." ಅವಳು ಸ್ವಲ್ಪ ನಾಚಿಕೊಂಡಳು. "ನಮ್ಮ ಮಾವನೋರದು. ಅವರೇ ಆಗ ಇಲ್ಲಿ ಸೂಪರಿಂಟೆಂಡೆಂಟ್ ಆಗಿದ್ದಿದ್ದು."

ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಅಲ್ಲಿದ್ದವಳು ನನ್ನ ತಂಗಿ.

"ಬರೀತೀನಮ್ಮ," ಎಂದೆ. "ಖಂಡಿತ ಬರೀತೀನಿ."

ಅವಳು ಹೋದ ಮೇಲೆ ತಂಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಏನಕ್ಕ, ಅಷ್ಟು ಬೇಗ ಒಪ್ಕೊಂಡೆ? ಆರತಿ ತಟ್ಟೆ ಒಂದು ಕಮ್ಮಿ ಇತ್ತು."

"ಬರೆದ್ರೆ ನಾನೇ ಬರೀಬೇಕು ಕಣೆ. ಬೇರೆಯವರ ಕೈಗೆ ಕೊಟ್ರೆ ಅವನ ವಿಷಯ ಚೆನ್ನಾಗಿ ಬರೆದ್ಬಿಡ್ತಾರೆ."

ನಮ್ಮ ಅಪ್ಪ ಆ ಪಾರ್ಕಿನಲ್ಲಿ ವಾಚರ್ ಆಗಿದ್ದ. ಪಾರ್ಕು ಎಂದರೆ ಹೆಸರಿಗೆ ಮಾತ್ರ, ಆಗ ಅದು ಊರಂಚಿನ ಕಾಡು. ಗುಡ್ಡದ ತುದಿಗೆ ಹೋಗಲು ದನಗಳ ಜಾಡು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಜನ ನಡೆಯಲು ಒಂದು ಸುತ್ತುದಾರಿ ಆಗಬೇಕು, ಫರ್ಲಾಂಗಿಗೊಂದು ಕಲ್ಲು ನೆಡಬೇಕು ಎಂದು ಮೇಲಿನಿಂದ ಅಪ್ಪಣೆ ಬಂತು. ಸೂಪರಿಂಟೆಂಡೆಂಟ್ ಸಾಹೇಬರಿಗೆ ಆಗ ಇಪ್ಪತ್ತೆಂಟು ವರ್ಷ, ಹೊಸ ಬೂಟು. ಅಪ್ಪಣೆಯ ಕಾಗದವನ್ನು ಅಪ್ಪನ ಕೈಗೆ ಕೊಟ್ಟು, "ಮಾಡಿ ಮುಗಿಸಿ ಹೇಳು" ಎಂದರು.

ಸಮತಟ್ಟಿನಲ್ಲಿ ಅಪ್ಪ ಹಗ್ಗ ಹಿಡಿದು ಅಳೆದ. ಆರು ಕಲ್ಲುಗಳವರೆಗೆ ಹಾಗೆ. ಅಲ್ಲಿಂದ ಏರು ಶುರು. ಅಲ್ಲಿ ಹಗ್ಗ ಸುತ್ತಿಟ್ಟು ಅಮ್ಮನನ್ನು ಕರೆದುಕೊಂಡು ಬಂದ. ಅಮ್ಮನಿಗೆ ದಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಎದೆಯೊಳಗೆ ಯಾರೋ ಗರಗಸ ಎಳೆದಂತೆ ಸದ್ದು. "ನೀನು ಮುಂದೆ ನಡಿ," ಎಂದ ಅಪ್ಪ. "ಎಲ್ಲಿ ಸಾಕು ಅನ್ಸುತ್ತೋ ಅಲ್ಲಿ ನಿಂತ್ಕೋ." ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತ ಜಾಗದಲ್ಲೆಲ್ಲ ಅಪ್ಪ ಒಂದು ಗೂಟ ಹೊಡೆದ. ಗೂಟದ ಕಟ್ಟು ಹೊತ್ತವಳು ನಾನು. ನನಗೆ ಎಂಟು ವರ್ಷ. ಹತ್ತನೆಯ ಗೂಟ ದಾಟಿ ಸ್ವಲ್ಪ ದೂರಕ್ಕೇ ಅಮ್ಮ ನೆಲದ ಮೇಲೆ ಕೂತುಬಿಟ್ಟು, "ಇನ್ನು ಒಂದು ಹೆಜ್ಜೆ ಇಡಲ್ಲ, ಬೇಕಾದ್ರೆ ಗುಡ್ಡಾನೇ ಕೆಳಗಿಳಿಸ್ಕೊಳ್ಳಿ," ಎಂದು ನಕ್ಕಳು. ಅದು ಹನ್ನೊಂದನೆಯ ಕಲ್ಲು.

"ಹತ್ತುವವರಿಗೆ ಕಲ್ಲು ಬೇಗ ಬೇಗ ಸಿಗಬೇಕು ಮಗಾ," ಎಂದು ಅಪ್ಪ ನನಗೆ ವಿವರಿಸಿದ. "ಆಗ ಅರೆ, ಇಷ್ಟು ಬಂದೆವಲ್ಲ ಅನ್ಸುತ್ತೆ. ಇಳಿಯೋರಿಗೆ ಆ ಆಸೆ ಬೇಡ. ಹತ್ತೋ ಕಡೆ ಕಮ್ಮಿ ಮಾಡಿದ್ದನ್ನ ಇಳಿಯೋ ಕಡೆ ಸೇರಿಸಿದೀನಿ. ಒಟ್ಟು ಹದಿನೆಂಟು ಫರ್ಲಾಂಗು ಸರಿಯಾಗಿದೆ."

ದಾರಿ ತೆರೆಯಲು ದೊಡ್ಡ ಸಾಹೇಬರೊಬ್ಬರು ಬಂದರು. ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿದರು. ನಮ್ಮ ಸಾಹೇಬರು ನಕ್ಷೆ ಬಿಡಿಸಿ, ಪ್ರತಿ ಕಲ್ಲನ್ನೂ ತಾವೇ ಸರಪಳಿ ಹಿಡಿದು ಅಳೆದದ್ದಾಗಿ ಹೇಳುತ್ತಿದ್ದರು. ಹಿಂದೆ ನಿಂತಿದ್ದ ಅಪ್ಪನಿಗೆ ಇದು ಸುಳ್ಳು ಎನ್ನುವುದಕ್ಕಿಂತ, ದೊಡ್ಡವರಿಗೆ ಆ ಉಪಾಯ ತಿಳಿಯದೆ ಹೋಗುತ್ತದಲ್ಲ ಎನ್ನುವ ಸಂಕಟ. "ಸರಪಳಿ ಅಲ್ಲ ಸಾರ್," ಎಂದುಬಿಟ್ಟ. "ನನ್ನ ಹೆಂಡತಿ ದಮ್ಮಿನವಳು. ಅವಳನ್ನ ನಡೆಸಿ ಅಳೆದಿದ್ದು." ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ನಮ್ಮ ಸಾಹೇಬರು ನಗಲಿಲ್ಲ.

ಹದಿನೈದು ದಿನಕ್ಕೆ ಕಾಗದ ಬಂತು. 'ಮೇಲಧಿಕಾರಿಗಳ ಎದುರು ಸುಳ್ಳು ನುಡಿದು ಇಲಾಖೆಯ ಮರ್ಯಾದೆಗೆ ಕುಂದು ತಂದ ಕಾರಣ ಕೆಲಸದಿಂದ ವಜಾ ಮಾಡಲಾಗಿದೆ.' ಮನೆಯವರ್ಯಾರೂ ಪಾರ್ಕಿನೊಳಗೆ ಕಾಲಿಡಕೂಡದು ಎಂದು ಗೇಟಿನವನಿಗೆ ಬಾಯಿಮಾತಿನ ಹುಕುಂ. ಮರದ ನೆರಳಿನಲ್ಲೇ ಬದುಕಿದವನು ಸಾಮಿಲ್ಲಿಗೆ ಸೇರಿಕೊಂಡು, ಬಂದ ದಿಮ್ಮಿಗಳನ್ನು ಸೀಳುವ ಕೆಲಸ ಮಾಡಿದ. ಸಂಜೆ ಮನೆಗೆ ಬಂದರೆ ಹುಬ್ಬಿನ ತುಂಬ ಮರದ ಹುಡಿ. ಅಮ್ಮನಿಗೆ ಆ ಕಾಡಿನ ಗಾಳಿ ಹಿತವಾಗಿತ್ತು. ನಡೆದುಕೊಂಡು ಗೇಟಿನವರೆಗೆ ಹೋಗುವಳು. ಗೇಟಿನವನು ಹುಕುಂ ಮೀರಲಾರ. ಆದರೆ ತನ್ನ ಸ್ಟೂಲನ್ನು ಹೊರಗೆ, ಒಳಗಿನ ಮರದ ನೆರಳು ಬೀಳುವ ಜಾಗ ನೋಡಿ ಇಡುತ್ತಿದ್ದ, ತಾನು ನಿಂತೇ ಇರುತ್ತಿದ್ದ. ಮೂರು ವರ್ಷ ಅಮ್ಮ ಆ ಸ್ಟೂಲಿನ ಮೇಲೆ ಕೂತು ಒಳಗೆ ನೋಡಿದಳು. ಆಮೇಲೆ ಅವಳಿರಲಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಸಾಹೇಬರನ್ನು ನೋಡಲು ಹೋದೆ.

ಎಂಬತ್ತೆಂಟು ವರ್ಷದ ಮುದುಕ, ಗಾಲಿಕುರ್ಚಿಯಲ್ಲಿ, ಪಾರ್ಕಿನ ಕಡೆಯ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಕಿವಿ ಚುರುಕು, ನೆನಪು ಇನ್ನೂ ಚುರುಕು. ನಾನು ಒಂದು ಸಲ ಕೆಮ್ಮಿದ್ದಕ್ಕೇ ಸೊಸೆಗೆ ಹೇಳಿ ಫ್ಯಾನನ್ನು ಬೇರೆ ಕಡೆ ತಿರುಗಿಸಿದರು. ಅದನ್ನು ಗಮನಿಸಿದೆ. ಒಳ್ಳೆಯದೇ. ಆದರೆ ಅದು ಫ್ಯಾನಿಗೆ ಸಂಬಂಧಪಟ್ಟದ್ದು.

"ನೀವು ಹೇಳಿದ್ದನ್ನ ಒಂದಕ್ಷರ ಬಿಡದೆ ಬರ್ಕೋತೀನಿ ಸಾರ್," ಎಂದೆ. "ಓದುವವರಿಗೆ ನಿಮ್ಮ ಬಾಯಿಂದಾನೇ ಕೇಳಿದ ಹಾಗಿರಬೇಕು."

ಅವರಿಗೆ ಸಂತೋಷವಾಯಿತು. ಸರಪಳಿ, ಮುಳ್ಳು, ಬಿಸಿಲು, ಮೊಣಕಾಲ ಗಾಯ ಎಲ್ಲ ಬಂತು. ನಾನು ತಲೆಯಾಡಿಸುತ್ತ ಬರೆದೆ.

"ಎರಡು ಕಲ್ಲಿನ ಮಧ್ಯೆ ಎಲ್ಲ ಕಡೆ ಒಂದೇ ಅಂತರಾನಾ ಸಾರ್? ಏರಿನಲ್ಲೂ?"

"ಎಲ್ಲ ಕಡೆ. ಒಂದು ಫರ್ಲಾಂಗು. ಒಂದು ಅಂಗುಲ ಹೆಚ್ಚಿಲ್ಲ, ಒಂದು ಅಂಗುಲ ಕಮ್ಮಿಯಿಲ್ಲ."

"ಹನ್ನೊಂದನೇ ಕಲ್ಲು?"

"ಅಲ್ಲಂತೂ ನಾನೇ ನಿಂತಿದ್ದೆ. ಮೇಲಿಂದ ಊರು ಕಾಣ್ತಿತ್ತು."

ಹನ್ನೊಂದನೆಯ ಕಲ್ಲಿನಿಂದ ಊರು ಕಾಣುವುದಿಲ್ಲ. ಎದುರಿಗೆ ಬಂಡೆ. ಬರೆದುಕೊಂಡೆ.

"ಜೊತೆಗೆ ಕೆಲಸದವರು ಯಾರಾದ್ರೂ?"

"ಒಬ್ಬ ವಾಚರ್ ಇದ್ದ. ಸುಳ್ಳುಬುರುಕ. ಕಳಿಸಿಬಿಟ್ಟೆ."

ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳಿ, ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿಸಿಕೊಂಡೆ. ಸೊಸೆ ಚಹಾ ತಂದಾಗ ಒಂದು ಸಲಹೆ ಕೊಟ್ಟೆ: "ಸಮಾರಂಭದ ದಿನ ನಿಮ್ಮ ಆಫೀಸಿನ ರಸ್ತೆ ಅಳೆಯೋ ಚಕ್ರ ತನ್ನಿ. ಜನರ ಎದುರಿಗೇ ಕಲ್ಲಿಂದ ಕಲ್ಲಿಗೆ ಅಳೆಯೋಣ. ಸಾಹೇಬರ ಕೆಲಸ ಎಷ್ಟು ಕರಾರುವಾಕ್ಕು ಅಂತ ಎಲ್ಲರೂ ಕಣ್ಣಾರೆ ನೋಡಲಿ."

"ಒಳ್ಳೇ ಯೋಚನೆ," ಎಂದರು ಸಾಹೇಬರು. ಒಂದು ಕ್ಷಣವೂ ಅಳುಕಲಿಲ್ಲ. ಆಗ ನನಗೆ ಖಾತ್ರಿಯಾಯಿತು: ಅರವತ್ತು ವರ್ಷದಲ್ಲಿ ಅವರು ಒಂದು ಸಲವೂ ಆ ಗುಡ್ಡ ಹತ್ತಿಲ್ಲ.

ಮನೆಗೆ ಬಂದು ತಂಗಿಗೆ ಹೇಳಿದೆ. ಅವಳಿಗೊಂದು ಅನುಮಾನ. "ಇಷ್ಟು ವರ್ಷ ಯಾರಿಗೂ ಗೊತ್ತಾಗ್ಲಿಲ್ವಾ? ಈಗೆಲ್ಲ ಫೋನೇ ಹೆಜ್ಜೆ ಎಣಿಸುತ್ತೆ."

"ಪಾರ್ಕಿನಲ್ಲಿ ನಡೆಯೋರನ್ನ ಕೇಳಿದೀನಿ. ಮರದ ಕೆಳಗೆ ಸಿಗ್ನಲ್ ಸಿಗಲ್ಲ, ಫೋನು ತಪ್ಪು ತೋರಿಸುತ್ತೆ ಅಂತಾರೆ. ಕಲ್ಲಿನ ಮೇಲೆ ಯಾರಿಗೂ ಸಂಶಯ ಬಂದಿಲ್ಲ."

"ಪಾಪದ ಫೋನು," ಎಂದಳು ತಂಗಿ.

ಪುಸ್ತಕ ಅಚ್ಚಾಯಿತು. ಸಾಹೇಬರ ಮಾತು ಇದ್ದದ್ದು ಇದ್ದ ಹಾಗೆ. ಎದುರು ಪುಟವನ್ನು ಖಾಲಿ ಬಿಡಿಸಿ, ಅಲ್ಲಿ ಕಲ್ಲಿಗೊಂದರಂತೆ ಹದಿನೆಂಟು ಚೌಕ ಎಳೆಸಿ, 'ಸಮಾರಂಭದ ದಿನದ ಅಳತೆ' ಎಂದಷ್ಟೇ ಹಾಕಿಸಿದೆ. ಬಂದವರು ತಾವೇ ತುಂಬಿಕೊಳ್ಳಲಿ ಎಂದು.

ಆ ಬೆಳಿಗ್ಗೆ ಎಂಬತ್ತು ಜನ ಸೇರಿದ್ದರು. ಫಲಕದ ಮೇಲೆ ಬಟ್ಟೆ ಹೊದಿಸಿತ್ತು. ಅಳತೆ ಮುಗಿಸಿ ಬಂದು ಬಟ್ಟೆ ಸರಿಸುವುದು ಎಂದು ಗೊತ್ತುಮಾಡಿದ್ದರು. ಸೊಸೆ ಚಕ್ರ ಉರುಳಿಸುತ್ತ ಹೊರಟಳು. ಮೊದಲ ಕಲ್ಲು, ಇನ್ನೂರ ಒಂದು ಮೀಟರು, ಸರಿಯಾಗಿ ಒಂದು ಫರ್ಲಾಂಗು. ಎರಡನೆಯದು ಇನ್ನೂರು. ಮೂರನೆಯದು ಇನ್ನೂರ ಒಂದು. ಜನ ಚಪ್ಪಾಳೆ ತಟ್ಟಿದರು, ಪುಸ್ತಕದಲ್ಲಿ ಬರೆದುಕೊಂಡರು. ಅಪ್ಪನ ಹಗ್ಗಕ್ಕೆ ಬಿದ್ದ ಚಪ್ಪಾಳೆಯನ್ನು ಸಾಹೇಬರು ಕೈಮುಗಿದು ಸ್ವೀಕರಿಸುತ್ತಿದ್ದರು. ನಾನೂ ತಟ್ಟಿದೆ.

ಆರನೆಯ ಕಲ್ಲಿನಿಂದ ಮುಂದೆ ಗಾಲಿಕುರ್ಚಿ ಹೋಗುವಂತಿಲ್ಲ. "ನೀವು ಹೋಗಮ್ಮ, ಸಾಹೇಬರ ಜೊತೆ ನಾನಿರ್ತೀನಿ," ಎಂದೆ. ಅವಳು ಕುರ್ಚಿಯ ಬ್ರೇಕು ಹಾಕಿ, ಅವರ ಮಡಿಲಿಗೆ ನೀರಿನ ಬಾಟಲಿ ಇಟ್ಟು, ನನಗೂ ಒಂದು ಕೊಟ್ಟು, ಏರು ಹತ್ತಿದಳು. ದಾರಿ ಹಾವಿನ ಹಾಗೆ ನಮ್ಮ ತಲೆಯ ಮೇಲೇ ಸುತ್ತುತ್ತ ಹೋಗುತ್ತದೆ. ಕಲ್ಲಿಗೊಬ್ಬರು ನಿಂತು ಅಂಕಿಯನ್ನು ಕೆಳಗೆ ಕೂಗಿ ಹೇಳುವುದೆಂದು ನಾನೇ ಏರ್ಪಾಟು ಮಾಡಿದ್ದೆ.

"ಏಳನೇ ಕಲ್ಲು, ನೂರ ಅರವತ್ತು."

ಸಾಹೇಬರು ತಲೆಯೆತ್ತಿದರು. "ಎಷ್ಟಂದ್ರು?"

"ನೂರ ಅರವತ್ತು ಸಾರ್."

"ಎಂಟನೇದು, ನೂರ ನಲವತ್ತೊಂದು."

"ಚಕ್ರ ಸರಿಯಿಲ್ಲ."

"ಕೆಳಗೆ ಸರಿಯಿತ್ತಲ್ಲ ಸಾರ್."

ಒಂಬತ್ತು, ನೂರ ಇಪ್ಪತ್ತಾರು. ಮೇಲೆ ಚಪ್ಪಾಳೆ ನಿಂತುಹೋಗಿತ್ತು. ಹತ್ತು, ನೂರ ನಾಲ್ಕು. ಸಾಹೇಬರು ನನ್ನ ಕಡೆ ಪೂರ್ತಿ ತಿರುಗಿ, ಮೊದಲ ಬಾರಿಗೆ ನನ್ನ ಮುಖ ನೋಡಿದರು.

"ಯಾರು ನೀವು?"

"ಗೂಟದ ಕಟ್ಟು ಹೊತ್ತವಳು."

"ನನ್ನನ್ನ ಮನೆಗೆ ಕರ್ಕೊಂಡು ಹೋಗಿ," ಎಂದರು ಮೆಲ್ಲಗೆ.

"ಇನ್ನೂ ಎಂಟು ಕಲ್ಲಿದೆ ಸಾರ್."

"ಕುರ್ಚಿ ತಿರುಗ್ಸಿ. ಬ್ರೇಕ್ ತೆಗೀರಿ."

ಬ್ರೇಕಿನ ಹಿಡಿ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅವರ ಕೈಗೆ ಎಟುಕುತ್ತಿರಲಿಲ್ಲ. ನನ್ನ ಬಾಟಲಿಯ ಮುಚ್ಚಳ ತೆಗೆದು ಒಂದು ಗುಟುಕು ನೀರು ಕುಡಿದೆ. "ನಮ್ಮಮ್ಮ ಗೇಟಿನ ಹೊರಗೆ ಮೂರು ವರ್ಷ ಕೂತಿದ್ಲು," ಎಂದೆ. "ನೀವು ಒಂದು ಗಂಟೆ ಕೂತ್ಕೊಳ್ಳಿ."

"ಹನ್ನೊಂದನೇ ಕಲ್ಲು," ಎಂದು ಮೇಲಿನಿಂದ ಕೂಗು ಬಂತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಎರಡು ಸಲ ಅಳೆದಿರಬೇಕು. "ಎಪ್ಪತ್ತೊಂಬತ್ತು."

ಹದಿನೆಂಟನೆಯದರವರೆಗೂ ಕೇಳಿಸಿದೆ. ಇಳಿಜಾರಿನಲ್ಲಿ ಇನ್ನೂರ ಎಂಬತ್ತು, ಇನ್ನೂರ ತೊಂಬತ್ತು, ಮುನ್ನೂರರ ಮೇಲೆ. ಸೊಸೆ ಸುತ್ತು ಮುಗಿಸಿ, ಕೈಯಲ್ಲಿ ಹಾಳೆ ಹಿಡಿದು ಬಂದಳು. ಹಿಂದೆ ಎಂಬತ್ತು ಜನ. ಅವಳು ಮಾವನ ಎದುರು ಮೊಣಕಾಲೂರಿ ಕೂತಳು.

"ಮಾವ, ಒಟ್ಟು ಕೂಡಿಸಿ ನೋಡ್ದೆ. ಹದಿನೆಂಟು ಫರ್ಲಾಂಗು ಸರಿಯಾಗಿದೆ. ಆದ್ರೆ ಬೇಕು ಅಂತಾನೇ ಯಾರೋ ಏರಿನಲ್ಲಿ ಕಲ್ಲನ್ನ ಹತ್ತಿರ ಹತ್ತಿರ ಇಟ್ಟಿದಾರೆ. ನೀವು ಹೇಳಿದ್ದು ಇದಲ್ಲ. ಯಾರು ಇಟ್ಟಿದ್ದು?"

ಸಾಹೇಬರು ಬಾಟಲಿಯನ್ನು ತಿರುಗಿಸುತ್ತ ಕೂತರು. ಆ ಮಾತು ಅವರ ಬಾಯಿಂದಲೇ ಬೀಳಬೇಕಿತ್ತು.

"ವಾಚರ್," ಎಂದರು ಕೊನೆಗೆ. "ಅವನ ಹೆಂಡತಿ ದಮ್ಮಿನವಳು. ಅವಳನ್ನ ನಡೆಸಿ ಅಳೆದ."

ಅಪ್ಪ ಗೇಟಿನ ಬಳಿ ಹೇಳಿದ ಮಾತೇ ಅದು, ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಮರೆತಿರಲಿಲ್ಲ. ಅರವತ್ತು ವರ್ಷ ಒಂದು ಪದವನ್ನೂ ಮರೆಯದೆ ಇಟ್ಟುಕೊಂಡು, ಸುಳ್ಳುಬುರುಕ ಎಂದಿದ್ದರು. ನನ್ನೊಳಗೆ ಎಲ್ಲಾದರೂ ಮೂಲೆಯಲ್ಲಿ ಕರುಣೆ ಉಳಿದಿದ್ದರೆ ಅದು ಹೋದದ್ದು ಆಗ.

ಚೀಲದಿಂದ ವಜಾ ಮಾಡಿದ ಕಾಗದ ತೆಗೆದು ಸೊಸೆಯ ಕೈಗೆ ಕೊಟ್ಟೆ. ಅವಳು ಓದಿ, ಕೆಳಗಿನ ಸಹಿ ನೋಡಿ, ನನ್ನನ್ನು ನೋಡಿದಳು. ಕಣ್ಣು ಕೆಂಪಾಗಿತ್ತು. "ಮೊದಲೇ ನನಗೊಂದು ಮಾತು ಹೇಳ್ಬಹುದಿತ್ತು ಮೇಡಂ."

"ಹೇಳಿದ್ರೆ ನೀನು ಅವರನ್ನ ಮನೇಲೇ ಕೇಳ್ತಿದ್ದೆಯಮ್ಮ. ಅವರು ನಮ್ಮಪ್ಪನ್ನ ಸುಳ್ಳುಗಾರ ಅಂದಿದ್ದು ಮನೇಲಲ್ಲ, ಊರಿಗೆಲ್ಲ ಗೊತ್ತಾಗೋ ಹಾಗೆ."

ಫಲಕದ ಬಟ್ಟೆ ಸರಿಸಲಿಲ್ಲ. ಎರಡು ತಿಂಗಳಿಗೆ ಬೇರೆ ಫಲಕ ಬಂತು, ಅಪ್ಪನ ಹೆಸರು, ಪಕ್ಕದಲ್ಲೇ ಅಮ್ಮನ ಹೆಸರು. ಅದನ್ನು ಮಾಡಿಸಿದವಳು ಸೊಸೆಯೇ. ಪುಸ್ತಕದಿಂದ ಮಾವನ ಮಾತು ತೆಗೆಯಲೇ ಎಂದು ಒಂದು ಸಂಜೆ ಬಂದು ಕೇಳಿದಳು. ಬೇಡ ಎಂದೆ. ಎಡ ಪುಟದಲ್ಲಿ ಅವರು ಹೇಳಿದ್ದು ಸಹಿಯೊಂದಿಗೆ, ಬಲ ಪುಟದಲ್ಲಿ ಚಕ್ರ ಹೇಳಿದ್ದು, ಹಾಗೇ ಮರುಮುದ್ರಣವಾಯಿತು. ಗೇಟಿನಲ್ಲಿ ಬಂದವರಿಗೆಲ್ಲ ಕೊಡುತ್ತಾರೆ.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತಳು. "ಕುರ್ಚೀನ ಒಳಗಿನ ಕೋಣೆಗೆ ಹಾಕಿಸ್ಕೊಂಡಿದಾರೆ. ಕಿಟಕಿ ಹತ್ರ ಬರ್ತಾನೇ ಇಲ್ಲ. ನೀವು ಒಂದ್ಸಲ ಬಂದು ಮಾತಾಡಿಸಿದ್ರೆ..."

ಅವಳ ಕೈ ಹಿಡಿದುಕೊಂಡೆ. ಬೆರಳಲ್ಲಿ ಚಕ್ರದ ಹಿಡಿ ಒತ್ತಿ ಬಂದ ಗಂಟು. ಒಳ್ಳೆಯ ಹುಡುಗಿ. "ಬರಲ್ಲಮ್ಮ," ಎಂದೆ.

ಈಗ ವಾರಕ್ಕೊಮ್ಮೆ ತಂಗಿಯ ಜೊತೆ ಸುತ್ತುದಾರಿಗೆ ಹೋಗುತ್ತೇನೆ. ಅಮ್ಮನ ದಮ್ಮು ನನಗೂ ಸ್ವಲ್ಪ ಬಂದಿದೆ. ಹನ್ನೊಂದನೆಯ ಕಲ್ಲಿನ ಹತ್ತಿರ ಸೊಂಟಕ್ಕೆ ಕೈ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತದೆ. ಕೂರುತ್ತೇನೆ. ಕೆಳಗಿನ ತಿರುವಿನಲ್ಲಿ ಹತ್ತಿ ಬರುತ್ತಿರುವ ಯಾರೋ ಒಬ್ಬರು ನಿಂತು, ಉಸಿರು ತೆಗೆದುಕೊಳ್ಳುತ್ತ, ಜೇಬಿನಿಂದ ಆ ಪುಸ್ತಕ ತೆಗೆದು ಬಿಡಿಸುತ್ತಾರೆ. ಅವರು ಎಡ ಪುಟ ಓದಿ ಮುಗಿಸಿ ಬಲ ಪುಟಕ್ಕೆ ಕಣ್ಣು ಹೊರಳಿಸುವ ತನಕ ನಾನು ಕಾಯುತ್ತೇನೆ.